ಯಂತ್ರಕ್ಕೂ ದೇವರ ಗಂಟೆ

ಸಾನ್ ಬಾರ್ತೊಲೊ ಯಲಾಗ್ವಿ, ಒಹಾಕ ಗುಡ್ಡ
೧೧ ಜೂನ್ ೨೦೧೮, ಸೋಮವಾರ

ಪ್ರೀತಿಯ ತಾತಾ,

ಕಣ್ಣು ಹೇಗಿದೆ? ಪಟ್ಟಿಯೊಳಗೆ ತುರಿಸಿದರೂ ಕೈ ಹಾಕಬೇಡ, ಒತಿಲಿಯಾ ಅತ್ತೆಯ ಮಾತು ಕೇಳು. ಈ ಕಾಗದ ಓದಿ ಹೇಳುತ್ತಿರುವವಳೂ ಅವಳೇ ತಾನೇ, ಅವಳಿಗೂ ನಮಸ್ಕಾರ. ಅಜ್ಜಿ ಚೆನ್ನಾಗಿದ್ದಾಳೆ. ನಿನ್ನ ಹೇಸರಗತ್ತೆ ಮಾತ್ರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಐದು ನಿಮಿಷಕ್ಕೆ ಕರೆ ಕಡಿದುಹೋಗುತ್ತದೆ, ಆ ಐದೂ ನಿಮಿಷ ಅಜ್ಜಿಯದೇ. ನನಗೂ ಬಾಯಿಗಿಂತ ಕೈ ವಾಸಿ.

ಬುಧವಾರ, ನಿನ್ನ ಆಪರೇಷನ್ ದಿನವೇ, ಊರಿನ ಫೋನು ಸತ್ತಿತ್ತಲ್ಲ, ಅದರ ಕಥೆ ಬರೆಯುತ್ತೇನೆ. ಪಂಚಾಯ್ತಿ ಕೋಣೆಯಲ್ಲಿ ನಾನು ನೋಡಿಕೊಳ್ಳುವ ಫೋನಿನ ಕಂಪ್ಯೂಟರಿನೊಳಗೆ ಒಬ್ಬ ಮೇಸ್ತ್ರಿ ಇದ್ದಾನೆ ಎಂದು ಹೇಳಿದ್ದೆನಲ್ಲ. ಕರೆ ಜೋಡಿಸುವುದು, ಸಂದೇಶ ಕಳಿಸುವುದು, ಒಂದೊಂದು ಕೆಲಸವನ್ನೂ ಎಬ್ಬಿಸುವವನು, ಮಲಗಿಸುವವನು ಅವನೇ. ಆ ಮೇಸ್ತ್ರಿಯನ್ನು ಹೊಸದು ಮಾಡಲು ನಗರದ ಗೆಳೆಯರು ಅಪ್‌ಡೇಟ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದುಕೊಟ್ಟಿದ್ದಾರೆ. ಅದು ಮೊದಲು ಎಲ್ಲವನ್ನೂ ಮಲಗಿಸುತ್ತದೆ, ಹೊಸ ಕಡತ ತರಿಸುತ್ತದೆ, ಕೊನೆಗೆ ಎಲ್ಲವನ್ನೂ ಎಬ್ಬಿಸುತ್ತದೆ. ಆ ದಿನವೇ ಯಾಕೆ ಮುಟ್ಟಿದೆ ಎಂದು ಬೈಯಬೇಡ. ನಿನ್ನ ಸುದ್ದಿ ಬರುವಾಗ ದನಿ ಸ್ವಚ್ಛವಾಗಿ ಕೇಳಲಿ ಎಂದು ಓಡಿಸಿದೆ. ಅದು ಎಲ್ಲವನ್ನೂ ಮಲಗಿಸಿ ನಡುವೆಯೇ ನಿಂತಿತು.

ಆಂಟೆನಾ ನೋಡಲು ಮಾಡು ಹತ್ತಿದೆ, ಬ್ಯಾಟರಿ ನೋಡಿದೆ, ವೈರು ಬಿಚ್ಚಿ ಕಟ್ಟಿದೆ. ಅಜ್ಜಿ ಬಾಗಿಲ ಬೆಂಚಿನಲ್ಲಿ ಜಪಮಣಿ ಎಣಿಸುತ್ತಾ ಕೂತಿದ್ದಳು. ಮತ್ತೆ ಸ್ಕ್ರಿಪ್ಟ್ ಓಡಿಸಿ, ಪರದೆಯ ಸಾಲನ್ನು ಬೆರಳಿಟ್ಟು ನಿಧಾನವಾಗಿ ಓದಿದೆ. ಈ ಕಡತದ ಸಮಯ ಇನ್ನೂ ಬಂದಿಲ್ಲ, ಐವತ್ತೇಳು ನಿಮಿಷ ಬಾಕಿ ಎಂದಿತ್ತು. ಕೈ ತೊಳೆದು ಬಂದು ಇನ್ನೊಮ್ಮೆ ಓಡಿಸಿದೆ, ಐವತ್ತು ಎಂದಿತು. ಹೆಚ್ಚೂಕಮ್ಮಿ ಒಂದು ಗಂಟೆಯ ವ್ಯತ್ಯಾಸ ಎಂದು ಆಗ ಹೊಳೆಯಿತು. ಬೇಸಿಗೆಯಲ್ಲಿ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತದೆ, ನಮ್ಮೂರು ತಳ್ಳುವುದಿಲ್ಲ, ನಮ್ಮದು ದೇವರ ಗಂಟೆ. ಏಪ್ರಿಲಿನಲ್ಲಿ ಯಂತ್ರದ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟಾಗಿತ್ತು. ನಗರದಲ್ಲಿ ಆಗಷ್ಟೇ, ತನ್ನ ಪಾಲಿಗೆ ಇನ್ನೂ ಬರದ ಹೊತ್ತಿನಲ್ಲಿ, ಬರೆದ ಕಡತವನ್ನು ಅದು ಹೇಗೆ ನಂಬೀತು?

ಒಳಗಿನ ಎಣಿಕೆಯನ್ನು ಸರಿಮಾಡಿ, ಹೊರಗೆ ತೋರಿಸುವ ಗಂಟೆಯನ್ನು ಮಾತ್ರ ನಮ್ಮೂರಿನದಕ್ಕೆ ಹೊಂದಿಸಿದೆ. ಸ್ಕ್ರಿಪ್ಟ್ ಕೊನೆಯವರೆಗೆ ಓಡಿತು. ಮೊದಲ ಕರೆ ಅತ್ತೆಯದೇ: ‘ಎಲ್ಲ ಮುಗೀತು, ಅಪ್ಪ ಆಗಲೇ ಬಿಸಿ ಚಾಕೊಲೇಟ್ ಕೇಳ್ತಿದಾನೆ.’ ಬೆಳಿಗ್ಗೆಯಿಂದ ಅಳದ ಅಜ್ಜಿ ಆಗ ಅತ್ತಳು.

ನಿನ್ನ ಕೈಗೆ ಹಣೆ ತಾಗಿಸಿದ್ದೇನೆಂದು ತಿಳಿದುಕೋ.

ನಿನ್ನ ಮೊಮ್ಮಗಳು,
ಸೆನೋಬಿಯಾ

ಮರೆತಿದ್ದೆ. ಅತ್ತೆ, ಇದನ್ನು ತಾತನ ಕಿವಿಯಲ್ಲಿ ಮೆಲ್ಲಗೆ ಓದು, ಪಕ್ಕದ ಮಂಚದವರಿಗೆ ಕೇಳಬಾರದು. ನಿನ್ನೆ ಊರಸಭೆಯಲ್ಲಿ, ಗಡಿಯಾರ ಮುಟ್ಟಿದವರು ಯಾರು, ಫೋನು ಕೋಣೆಯ ಬೀಗದ ಕೈ ಕಿತ್ತುಕೊಳ್ಳಿ ಎಂದು ಗಲಾಟೆಯಾಯಿತು. ‘ಆರನೇ ಕ್ಲಾಸಿನ ಹುಡುಗಿ ಕೈಗೆ ಯಂತ್ರ ಕೊಟ್ರೆ ಇನ್ನೇನಾಗುತ್ತೆ’ ಅಂದರು. ನಾನು ಎದ್ದು ನಾನೇ ಎಂದೆ. ಸಭೆಯಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು, ತಾತಾ. ಏಪ್ರಿಲಿನಲ್ಲಿ ನನ್ನ ಪಕ್ಕದಲ್ಲಿ ಕೂತು ‘ತಿರುಗಿಸು ಮಗಳೇ, ಸೂರ್ಯ ಯಾವ ಕಾಗದಕ್ಕೂ ಸಹಿ ಹಾಕಿಲ್ಲ’ ಅಂದ ನಿನ್ನ ಹೆಸರು ಹೇಳಲಿಲ್ಲ. ಆಗ ನಿನ್ನ ಗೆಳೆಯ ಅಬುಂದಿಯೊ, ‘ಹೌದೌದು, ತಿರುಗಿಸಿದೋಳು ನೀನೇ. ತಿರುಗಿಸು ಅಂದೋನು ಕಣ್ಣಿಗೆ ಬಟ್ಟೆ ಕಟ್ಕೊಂಡು ಪಟ್ಟಣದಲ್ಲಿ ಮಲಗವ್ನೆ’ ಅಂದ. ಎಲ್ಲರೂ ನಕ್ಕರು. ಬೀಗದ ಕೈ ನನ್ನ ಹತ್ತಿರವೇ ಇದೆ. ಭಾನುವಾರ ನಾಲ್ಕಕ್ಕೆ ಫೋನ್ ಮಾಡು, ದೇವರ ನಾಲ್ಕಕ್ಕೆ. ಮೊದಲ ನಿಮಿಷ ನನಗೆ ಬಿಟ್ಟುಕೊಡಲು ಅಜ್ಜಿ ಒಪ್ಪಿದ್ದಾಳೆ.