ಎತ್ತುವ ಮೊದಲು ಕೇಳು

೬ ಜನವರಿ, ಸೋಮವಾರ

ಲಿಂಗಪೂಜೆ ಆಯಿತು. ರೊಟ್ಟಿ ಬಡಿದದ್ದೂ ಆಯಿತು. ಸಂಕ್ರಾಂತಿ ಹತ್ತಿರ ಬಂತು, ಎಲ್ಲರಿಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೇ ಬೇಕು. ಭುಜ ಬಿದ್ದುಹೋಗಿದೆ. ಪೋಲಿಯೋ ಬಂದು ಕಾಲು ಕೆಲಸ ಬಿಟ್ಟ ಮೇಲೆ ಭುಜವೇ ಎಲ್ಲ ಮಾಡಬೇಕಲ್ಲ — ರೊಟ್ಟಿ ಬಡಿಯುವುದೂ ಅದೇ, ಗಾಲಿ ಹಲಗೆ ತಳ್ಳುವುದೂ ಅದೇ. ಸರಕಾರ ಕೊಟ್ಟ ಕುರ್ಚಿ ಗೋಡೆಗೆ ಒರಗಿದೆ. ತಿರ್ಲಾಪುರದ ಎರೆಮಣ್ಣಿನಲ್ಲಿ ಅದರ ಗಾಲಿ ಹೂತು ಹೋಗುತ್ತದೆ. ಬಡಿಗೇರ ಕನಕಪ್ಪ ಮಾಡಿಕೊಟ್ಟ ಹಲಗೆಯೇ ನನ್ನ ಕುದುರೆ.

ಶನಿವಾರದ ಮಾತು ಬರೆಯಬೇಕು. ನವಲಗುಂದದಲ್ಲಿ ಅಂಗವಿಕಲರ ಕ್ಯಾಂಪ್ ಇತ್ತು. ತಮ್ಮ ಮಡಿವಾಳೆಪ್ಪ ನನ್ನನ್ನು ಅಲ್ಲಿ ಬಿಟ್ಟು ಗೊಬ್ಬರದ ಅಂಗಡಿಗೆ ಹೋದ. ಹುಬ್ಬಳ್ಳಿಯ ಹುಡುಗಿಯೊಬ್ಬಳು, ಸಮೀಕ್ಷಾ ಅಂತ, ಫಿಜಿಯೋಥೆರಪಿ ಓದಿದವಳು. ನನ್ನನ್ನು ಹಲಗೆಯಿಂದ ಬೆಂಚಿಗೆ ಕೂರಿಸಬೇಕಿತ್ತು. ಬಗ್ಗಿದಳು. ಬಗ್ಗಿ ನಿಂತುಬಿಟ್ಟಳು.

"ಮಾವಶಿ, ಎತ್ಲೇನ್ರಿ?"

ಐವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಎತ್ತುತ್ತಾರೆ, ಇಡುತ್ತಾರೆ. ಹಿಟ್ಟಿನ ಚೀಲ ಎತ್ತುವಾಗ ಚೀಲವನ್ನು ಯಾರು ಕೇಳುತ್ತಾರೆ.

ಆಮೇಲೆ ಅವಳು ಸಮುದ್ರದ ವಿಷಯ ಹೇಳಿದಳು. ಅವಳೂ ಅವಳ ಗೆಳೆಯರೂ ನನ್ನಂಥವರನ್ನು ಕರೆದುಕೊಂಡು ಹೋಗಿ, ಹಲಗೆ ಮೇಲೆ ಬೋರಲು ಮಲಗಿಸಿ, ಅಲೆ ಹತ್ತಿಸುತ್ತಾರಂತೆ. ಸರ್ಫಿಂಗ್. ರಜೆ ದಿನ ಬಂದು ಮಾಡುತ್ತಾರೆ, ಪಗಾರವಿಲ್ಲ. ಒಂದು ಕಾಲಿನ ಫಾತಿಮಾಬಿ, ನವಲಗುಂದದವಳು, ಆಗಲೇ ಹೆಸರು ಕೊಟ್ಟು ಕೂತಿದ್ದಳು.

ನಾನೂ ಕೊಟ್ಟೆ. ಮಡಿವಾಳೆಪ್ಪನಿಗೆ ಹೇಳಿಲ್ಲ.

೯ ಜನವರಿ

ಹೇಳಿದೆ. ಊಟಕ್ಕೆ ಕೂತಾಗ.

ಗೋಕರ್ಣದ ಬಾಜು ಎಂದ ಕೂಡಲೇ ಅವನಿಗೆ ಖುಷಿ. ಹೋಗೂಣು, ಮಹಾಬಲೇಶ್ವರನ ದರ್ಶನ ಆಗುತ್ತದೆ, ಹೊರಲು ನಾನು ಬರುತ್ತೇನೆ ಎಂದ. ಅಲೆ, ಹಲಗೆ ಎಂದೆ. ಜಗಿಯುವುದು ನಿಂತಿತು. ಅವನ ಹೆಂಡತಿ ನೀಲಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಆಡೂ ವಯಸ್ಸೇನ ಯಕ್ಕಾ ಇದು?" ಎಂದ.

"ಆಡೂ ವಯಸ್ಸಿನ್ಯಾಗ ಆಡಾಕ ಬಿಟ್ಟಿದ್ರೇನ?"

ಅವನು ತಾಟಿನ ಕಡೆ ಬಗ್ಗಿದ. ಬದನೆಕಾಯಿ ಪಲ್ಲೆ ಮಾತ್ರ ಚೆನ್ನಾಗಿತ್ತು.

ಶಿವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಸರು ಹೇಳಿ ನನ್ನನ್ನು ಎತ್ತುವವರ ಮೇಲಿದೆ. ಯಾವ ಗುಡಿಗೆ ಹೋದರೂ ಮೆಟ್ಟಿಲ ಹತ್ತಿರ ಯಾರೋ ಓಡಿ ಬರುತ್ತಾರೆ. ಬಗಲಿಗೆ ಕೈ ಹಾಕಿ ಎತ್ತುತ್ತಾರೆ, ಒಳಗೆ ಒಗೆಯುತ್ತಾರೆ, ಕೈ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಪುಣ್ಯ ಬಂತು. ಅವರ ಪುಣ್ಯ, ನನ್ನ ಬಗಲು.

೧೮ ಜನವರಿ, ಶನಿವಾರ. ಸಂಜೆ

ಗೋಕರ್ಣದ ಛತ್ರ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ದರ್ಶನದ ಆಸೆಗೆ ಮಡಿವಾಳೆಪ್ಪನೂ ಬಂದಿದ್ದಾನೆ.

ಕಲಘಟಗಿ, ಯಲ್ಲಾಪುರ, ಘಟ್ಟ... ಗಾಡಿಯಲ್ಲಿ ಫಾತಿಮಾಬಿ ಬಾಯಿ ಮುಚ್ಚಲಿಲ್ಲ. ಸಮುದ್ರ ಕಂಡ ಮೇಲೆ ಮುಚ್ಚಿತು. ನಾನು ನಮಸ್ಕಾರ ಮಾಡಿದೆ. ಇಷ್ಟು ನೀರು, ನಮ್ಮ ಕಡೆಯ ಹೊಲವೆಲ್ಲ ಒಂದಕ್ಕೊಂದು ಜೋಡಿಸಿ ನೀಲಿ ಬಣ್ಣ ಬಳಿದ ಹಾಗೆ. ಅದೂ ಸುಮ್ಮನಿರುವುದಿಲ್ಲ.

ಅಲೆ ಹತ್ತಿಸುವವನ ಹೆಸರು ಬೀರೇಶ. ಕಲಘಟಗಿ ಹುಡುಗ, ಬಿಸಿಲಿಗೆ ಸುಟ್ಟು ಕರ್ರಗಾಗಿದ್ದಾನೆ. ಎಲ್ಲರಿಗೂ ಜಾಕೆಟ್ ಕೊಟ್ಟ. ಬಳೆ, ಸರ, ದಾರ, ಎಲ್ಲ ತೆಗೆಯಲು ಹೇಳಿದ. ಫಾತಿಮಾಬಿ ತಾಯತ ಬಿಚ್ಚಿ ಜೊತೆಗೆ ಬಂದಿದ್ದ ಮಗಳ ಕೈಗೆ ಕೊಟ್ಟಳು. ನನ್ನ ಪಾಳಿ ಬಂತು.

"ಕೊರಳಾಗ ಏನೂ ಇರಬಾರದ್ರಿ ಮಾವಶಿ. ದಾರ ಎಲ್ಲ್ಯಾರ ಸಿಕ್ಕರ ಉಸಿರು ಕಟ್ಟತೈತಿ."

ಲಿಂಗ ಮೈಮೇಲಿಂದ ಇಳಿಯುವುದಿಲ್ಲ ಎಂದೆ. ಹುಟ್ಟಿದಾಗ ಅಯ್ಯನವರು ಕಟ್ಟಿದ್ದು, ಹೋಗುವಾಗ ನನ್ನ ಜೊತೆ ಮಣ್ಣಿಗೆ ಬರುವಂಥದ್ದು. ಯಾರ ಕೈಗೂ ಕೊಡುವುದಿಲ್ಲ. ಅವನು ನಿಯಮ ಬಿಡಲಿಲ್ಲ. ನಾನು ಲಿಂಗ ಬಿಡಲಿಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ, ಅದೇ ಸಂಕಟ. ಹುಡುಗ ನನ್ನ ಜೀವ ಕಾಯಲೆಂದೇ ಹೇಳುತ್ತಿದ್ದ.

ಸಮೀಕ್ಷಾ ಪಕ್ಕದಲ್ಲಿ ಕೂತು, ಏನಾದರೂ ದಾರಿ ಇದೆಯಾ ಮಾವಶಿ ಎಂದು ಕೇಳಿದಳು. ಆಗ ಯಾವುದೂ ಹೊಳೆಯಲಿಲ್ಲ.

ಮರಳಲ್ಲಿ ಕೂತು ನೋಡಿದೆ. ಫಾತಿಮಾಬಿ ಅಲೆ ಹತ್ತಿದಳು, ಬಿದ್ದಳು, ಮತ್ತೆ ಹತ್ತಿದಳು. ತೊಯ್ದ ಬೆಕ್ಕಿನ ಹಾಗೆ ಬಂದು ನನ್ನ ಮುಂದೆ ಕೂತು, "ಗುರವ್ವಾ, ಎಷ್ಟ ಕಾಲ ಅದಾವ ಅಂತ ನೀರು ಕೇಳಲಿಲ್ಲ ನೋಡ. ನೀ ಏನು, ಗಾಳಿ ತಿನ್ನಾಕ ಬಂದಿಯೇನ?" ಎಂದಳು.

ಮಡಿವಾಳೆಪ್ಪ ನಿರುಮ್ಮಳನಾದ. ಮುಗಿಯಿತಲ್ಲ, ಗುಡಿಗೆ ನಡಿ ಎಂದ. ಎಂದವನೇ ಎತ್ತಿದ. ಗುಡಿಯಲ್ಲಿ ಜನ ಜಾಗ ಬಿಟ್ಟರು, ಅಯ್ಯೋ ಪಾಪ ಅಂದರು. ದೇವರು ಕಾಣಲಿಲ್ಲ. ತಮ್ಮನ ಹೆಗಲು ಕಂಡಿತು, ಅದರ ಮೇಲಿನ ಟವೆಲ್ ಕಂಡಿತು.

೨೦ ಜನವರಿ

ಗಿರಣಿಯಲ್ಲಿ ಎಲ್ಲರೂ ಕೇಳುವವರೇ. ಗುರವ್ವ ಸಮುದ್ರ ಈಜಿ ಬಂದಳೇನು? ಅರಬಸ್ತಾನ ಮುಟ್ಟಿದಳೇನು? ನಿಮ್ಮ ಜೋಳದಲ್ಲಿ ಕಲ್ಲಿದೆ, ಮೊದಲು ಅದನ್ನು ನೋಡಿಕೊಳ್ಳಿರಿ ಎಂದೆ.

ಮನೆಗೆ ಬಂದೆ. ಕಟ್ಟೆ ಹತ್ತಿಸಲು ಮಡಿವಾಳೆಪ್ಪ ಬಗ್ಗಿದ. ಕೈ ಅಡ್ಡ ಹಿಡಿದೆ.

"ಇವತ್ತಿಂದ ಕೇಳಿ ಎತ್ತು. ಎತ್ಲೇನ ಅಂತ ಕೇಳು. ಹೂಂ ಅಂದ್ರ ಎತ್ತು, ಇಲ್ಲಾಂದ್ರ ಬಿಡು."

ಅವನ ಮುಖ ಕಪ್ಪಾಯಿತು.

"ಚಡ್ಡಿ ಹಾಕ್ಕೊಳ್ಳಾಕ ಬರದಾಗಿಂದ ನಿನ್ನ ಹೊತ್ತೀನಿ. ಈಗ ಪರವಾನಗಿ ತಗೋಬೇಕೇನ?"

"ತಗೋಬೇಕು."

ಹೊಲಕ್ಕೆ ಹೋಗಿಬಿಟ್ಟ. ಸುಳ್ಳು ಹೇಳಲಿಲ್ಲ ಅವನು. ಸಣ್ಣವನಿದ್ದಾಗ ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಸಾಲಿಗೆ ತಂದು ಬಿಡುತ್ತಿದ್ದ, ನಾನು ಏಳನೇ ಕ್ಲಾಸು ಮುಗಿಸಿದ್ದು ಅವನ ಬೆನ್ನ ಮೇಲೆಯೇ. ಹೊತ್ತದ್ದು ಖರೆ. ಆದರೂ ಕೇಳಬೇಕು.

ಕಟ್ಟೆ ನಾನೇ ಹತ್ತಿದೆ. ಮೊಣಕೈ ಕೆತ್ತಿತು. ಅರಿಸಿನ ಹಚ್ಚಿದ್ದೇನೆ.

೨ ಫೆಬ್ರವರಿ

ಬರೆಯಲು ಮನಸ್ಸಿರಲಿಲ್ಲ. ತಮ್ಮನ ಜೊತೆ ಮಾತಿಲ್ಲ. ಅವನು ಕೇಳುವುದಿಲ್ಲ, ನಾನು ಎತ್ತಿಸಿಕೊಳ್ಳುವುದಿಲ್ಲ. ಇಬ್ಬರೂ ಒಂದೇ ತಾಯಿ ಹಾಲು ಕುಡಿದವರು.

ಇವತ್ತು ಒಂದು ಹೊಳೆಯಿತು. ನೀಲಕ್ಕ ಹತ್ತಿ ಬಿಡಿಸಿ ಬಂದಳು. ಸೆರಗಿನ ತುಂಬ ಸಿಬರು. ಲಿಂಗ ಕಟ್ಟಿದ ಶಿವದಾರ ಗಿಡಕ್ಕೆ ಸಿಕ್ಕು ಕೊರಳಲ್ಲಿ ಕೆಂಪಗೆ ಗೆರೆ ಮೂಡಿದೆ. ಅದನ್ನು ನೋಡುತ್ತಿದ್ದ ಹಾಗೆ ಅಜ್ಜಿ ನೆನಪಾದಳು. ಹತ್ತಿಗೆ ಬಗ್ಗುವ ದಿನ ಅಜ್ಜಿ ಲಿಂಗವನ್ನು ಕೊರಳಲ್ಲಿ ಹಾಕಿಕೊಳ್ಳುತ್ತಿರಲಿಲ್ಲ. ತೋಳಿಗೆ ಕಟ್ಟಿಕೊಳ್ಳುತ್ತಿದ್ದಳು. ಗಿಡಕ್ಕೆ ಸಿಗುವುದಿಲ್ಲ, ಮೈ ಬಿಟ್ಟೂ ಹೋಗುವುದಿಲ್ಲ.

ಎಷ್ಟು ಸಲ ನೋಡಿದ್ದೆ. ದಂಡೆಯ ಮೇಲೆ ಯಾಕೆ ನೆನಪಾಗಲಿಲ್ಲವೋ.

೪ ಫೆಬ್ರವರಿ

ಅಯ್ಯನವರು ಭಿಕ್ಷೆಗೆ ಬಂದಿದ್ದರು. ಕೇಳಿದೆ. ತೋಳಿಗೆ ಕಟ್ಟಿದರೆ ದೋಷವಿಲ್ಲ, ಹಿಂದಿನವರು ಕಟ್ಟುತ್ತಿದ್ದರು ಎಂದರು. ಆಮೇಲೆ ಸಮುದ್ರಕ್ಕೆ ಎಂದು ತಿಳಿದು ಹುಬ್ಬು ಏರಿಸಿದರು.

"ಈ ವಯಸ್ಸಿನ್ಯಾಗ ಅದೆಲ್ಲ ಯಾಕ ಬೇಕವ್ವಾ?"

"ನೀವು ಈ ವಯಸ್ಸಿನ್ಯಾಗ ಶ್ರೀಶೈಲಕ್ಕ ನಡಕೊಂಡು ಹೋಗ್ತೀರಲ್ರಿ ಅಯ್ಯನವರ. ನಾ ಯಾಕ ಅಂತ ಕೇಳೀನೇನ್ರಿ?"

ಅವರು ನಕ್ಕರು. ಇನ್ನೊಂದು ರೊಟ್ಟಿ ನೀಡಿದೆ. ಪಾದ ಮುಟ್ಟಿ ನಮಸ್ಕಾರವನ್ನೂ ಮಾಡಿದೆ. ಭಕ್ತಿ ಬೇರೆ, ಮಾತು ಬೇರೆ.

ಸಮೀಕ್ಷಾಗೆ ಫೋನ್ ಹಚ್ಚಿದೆ. ಬೀರೇಶನನ್ನು ಕೇಳಿ ಹೇಳಿದಳು: ಬಿಗಿ ಇರಬೇಕು, ಚಪ್ಪಟೆ ಇರಬೇಕು, ತುದಿ ಜೋತಾಡಬಾರದು, ಮೇಲೆ ಉದ್ದ ತೋಳಿನ ಅಂಗಿ. ಕೈ ಜೋಮು ಹಿಡಿಯಬಾರದು. ಅಷ್ಟಾದರೆ ಅವನದೇನೂ ತಕರಾರಿಲ್ಲ. ಇಪ್ಪತ್ತೆರಡಕ್ಕೆ ಮತ್ತೆ ಗಾಡಿ ಹೊರಡುತ್ತದೆ.

೧೧ ಫೆಬ್ರವರಿ

ಕೈಗೆ ಇನ್ನೂ ಪಾಚಿಯ ವಾಸನೆ.

ಬೆಳ್ಳಿ ಕರಡಿಗೆ ಸಮೇತ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ, ದನದ ತೊಟ್ಟಿಯಲ್ಲಿ ಕೈ ಮುಳುಗಿಸಿ ಅಲೆ ಹೊಡೆದ ಹಾಗೆ ಹೊಡೆದು ನೋಡಿದೆ. ಒಮ್ಮೆಲೇ ತೋಳು ಹಗುರವಾಯಿತು. ಬೆಳ್ಳಿ ನುಣುಪು, ಒದ್ದೆ ಬಟ್ಟೆಯಿಂದ ಜಾರಿ ಹೋಗಿತ್ತು. ತೊಟ್ಟಿಯ ತಳದಲ್ಲಿ, ಪಾಚಿಯಲ್ಲಿ. ಕರಡಿಗೆ ಬಾಯಿ ತೆರೆದಿರಲಿಲ್ಲ, ಅದೇ ಪುಣ್ಯ. ತೊಟ್ಟಿ ಅಂತ ಸಿಕ್ಕಿತು. ಸಮುದ್ರದಲ್ಲಾಗಿದ್ದರೆ... ಲಿಂಗ ಕಳೆದವರು ಬದುಕಬಾರದು ಎನ್ನುತ್ತಿದ್ದರು ಅಜ್ಜಿಯ ಕಾಲದಲ್ಲಿ. ಈಗ ಯಾರೂ ಹಾಗೆ ಹೇಳುವುದಿಲ್ಲ. ನನಗೆ ಮಾತ್ರ ಅದು ಎದೆಯಲ್ಲಿ ಕೂತಿದೆ.

ನೀಲಕ್ಕ ನೋಡುತ್ತ ನಿಂತಿದ್ದಳು. ನಗುತ್ತಾಳೆ ಅಂದುಕೊಂಡೆ. ಒಳಗೆ ಹೋಗಿ ತನ್ನ ಹೊಸ ಖಣ ತಂದು ಕತ್ತರಿ ಹಾಕಿದಳು. ಕುಪ್ಪಸಕ್ಕೆಂದು ಇಟ್ಟುಕೊಂಡಿದ್ದು.

"ಬೆಳ್ಳಿ ಬ್ಯಾಡ್ರಿ. ಬರೇ ಲಿಂಗ ಇಟ್ಟು ಬಾಯಿ ಹೊಲದುಬಿಡೂಣು. ದಾರದಾಗ ಅಲ್ಲ, ಹೊಲಿಗ್ಯಾಗ ಕೂಡ್ಲಿ."

ಇಬ್ಬರೂ ಕೂತು ಹೊಲಿದೆವು. ಖಣದ ಪಟ್ಟಿಯನ್ನು ಅಂಗಿಯ ತೋಳಿಗೇ ಸೇರಿಸಿದೆವು. ಮತ್ತೆ ತೊಟ್ಟಿ. ಮತ್ತೆ ಹೊಡೆದೆ, ಎಮ್ಮೆ ಬೆದರಿ ಹಗ್ಗ ಜಗ್ಗುವವರೆಗೆ. ಜಾರಲಿಲ್ಲ.

ಮಡಿವಾಳೆಪ್ಪ ಬಾಗಿಲಲ್ಲಿ ನಿಂತು ನೋಡಿದ. ಏನೂ ಅನ್ನಲಿಲ್ಲ.

೨೧ ಫೆಬ್ರವರಿ

ಅಂದ ಇವತ್ತು ಮಡಿವಾಳೆಪ್ಪ. ಜನ ಆಡಿಕೊಳ್ಳುತ್ತಾರೆ, ಪ್ಯಾಂಟ್ ಹಾಕಿಕೊಂಡು ನೀರಿಗೆ ಬೀಳುವ ಹೆಂಗಸು ಅಂತ. ನೀನು ಮುಳುಗಿದರೆ ನಾನು ಯಾರಿಗೆ ಮುಖ ತೋರಿಸಲಿ? ನಾನು ಬರುವುದಿಲ್ಲ.

ಬರಬೇಡ ಎಂದೆ. ಹೊರಲು ಯಾರೂ ಬೇಕಾಗಿಲ್ಲ ಎಂದೆ. ಕೊನೆಯ ಮಾತು ಸ್ವಲ್ಪ ಜಾಸ್ತಿಯಾಯಿತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

೨೨ ಫೆಬ್ರವರಿ, ಶನಿವಾರ

ಗಾಡಿ ಬಂತು. ಮುಂದಿನ ಸೀಟಿನಲ್ಲಿ ಮಡಿವಾಳೆಪ್ಪ. ಇಸ್ತ್ರಿ ಮಾಡಿದ ಧೋತರ, ಮುಖ ಗಂಟು. ಶಿವರಾತ್ರಿ ಮುಂದಿದೆ, ಗೋಕರ್ಣ ತಪ್ಪಿಸಬಾರದು ಎಂದ. ಡ್ರೈವರನಿಗೆ ಹೇಳಿದ, ನನಗಲ್ಲ. ಫಾತಿಮಾಬಿ ನನ್ನನ್ನು ಮೊಣಕೈಯಿಂದ ತಿವಿದಳು.

೨೩ ಫೆಬ್ರವರಿ, ಭಾನುವಾರ. ದಂಡೆಯ ಮೇಲೆ

ಪೆನ್ನು ಒದ್ದೆ, ಕೈ ಒದ್ದೆ. ಆದರೂ ಈಗಲೇ ಬರೆಯಬೇಕು.

ಬೆಳಿಗ್ಗೆ ಪೂಜೆ ಮಾಡಿ ಲಿಂಗವನ್ನು ಪಟ್ಟಿಯಲ್ಲಿಟ್ಟೆ, ಬಾಯಿ ಹೊಲಿದೆ, ದಾರ ಹಲ್ಲಲ್ಲಿ ಕಡಿದೆ. ಬೀರೇಶ ಕೊರಳು ನೋಡಿದ. ಏನೂ ಇಲ್ಲ. ತೋಳು ಎಳೆದು ನೋಡಿದ, ಬೆರಳು ಮಡಚಲು ಹೇಳಿದ. ಆಯಿತ್ರಿ ಎಂದ.

ಹಲಗೆಯನ್ನು ನಾಲ್ಕು ಜನ ಹಿಡಿದರು. ನನ್ನನ್ನು ಎತ್ತುವ ಮೊದಲು ಕೇಳಿದರು. ಹೂಂ ಅಂದೆ. ನಾನೂ ಅವರಿಗೆ ಒಂದು ಕೇಳಿದೆ: ನನ್ನನ್ನು ಎತ್ತಿ ಪುಣ್ಯ ಗಳಿಸಬೇಕು ಅಂತ ಬಂದೀರೇನು?

"ಪುಣ್ಯ ಏನಿಲ್ರಿ ಮಾವಶಿ," ಎಂದಳು ಸಮೀಕ್ಷಾ. "ನಮಗ ಅಲಿ ಹುಚ್ಚು. ಮಂದಿ ಕೂಡಿದ್ರ ಮಜಾ ಬರತೈತಿ."

ಆ ಉತ್ತರ ನನಗೆ ಒಪ್ಪಿತು.

ಮೊದಲ ಅಲೆ ನನ್ನನ್ನು ಬುಟ್ಟಿ ಮಗುಚಿದ ಹಾಗೆ ಮಗುಚಿತು. ಉಪ್ಪು ಮೂಗಿಗೆ, ಕಣ್ಣಿಗೆ. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲಿಲ್ಲ. ನನ್ನ ಕೈ ತೋಳಿಗೆ ಹೋಯಿತು. ಗಟ್ಟಿ ಇತ್ತು, ಅಲ್ಲೇ ಇತ್ತು. ಆಮೇಲೆ ಜಾಕೆಟ್ ಮೇಲೆ ತಂದಿತು. ಕಣ್ಣು ಬಿಟ್ಟರೆ ಮಡಿವಾಳೆಪ್ಪ, ಎದೆಮಟ ನೀರಿನಲ್ಲಿ, ಇಸ್ತ್ರಿ ಧೋತರ ಸಮೇತ. ಎರಡೂ ಕೈ ಚಾಚಿದ್ದ. ಅವನಿಗೂ ಈಜು ಬರುವುದಿಲ್ಲ.

"ಸರಿ ಬಾಜೂಕ," ಎಂದೆ. "ಇನ್ನೊಂದು ಅಲಿ ಐತಿ."

ಕೈ ಹಾಗೇ ಚಾಚಿಕೊಂಡು ನಿಂತ. ಮುಟ್ಟಲಿಲ್ಲ.

ಮತ್ತೆ ಹಲಗೆ. ಬೋರಲು ಮಲಗಿದೆ. ಬೀರೇಶ ಹಿಂದೆ ನೋಡುತ್ತಿದ್ದ. ಈಗ ಕೈ ಹೊಡೀರಿ ಎಂದ. ಹೊಡೆದೆ. ಹೊಸದೇನು ಅದರಲ್ಲಿ — ತಿರ್ಲಾಪುರದ ಓಣಿಯಲ್ಲಿ ಗಾಲಿ ಹಲಗೆ ತಳ್ಳಿದ್ದು ಹಾಗೆಯೇ ಅಲ್ಲವೇ, ಕೆಸರಿರಲಿ ಕಲ್ಲಿರಲಿ. ಇಲ್ಲಿ ಕಲ್ಲೂ ಇರಲಿಲ್ಲ. ಹಿಂದಿನಿಂದ ನೀರು ಎದ್ದಿತು. ಅವನು ಹಲಗೆ ಬಿಟ್ಟ. ಬಿಟ್ಟದ್ದು ಗೊತ್ತಾಯಿತು. ಯಾರ ಕೈಯೂ ಇರಲಿಲ್ಲ. ಬಗಲಲ್ಲಿ ಇಲ್ಲ, ಬೆನ್ನಲ್ಲಿ ಇಲ್ಲ. ನಾನು ಹೋಗುತ್ತಿದ್ದೆ. ದಂಡೆ ನನ್ನ ಕಡೆಗೆ ಓಡಿ ಬರುತ್ತಿತ್ತು. ಎಷ್ಟು ಜೋರು, ಶಿವನೇ, ಎಷ್ಟು ಜೋರು. ಫಾತಿಮಾಬಿ ಮರಳ ಮೇಲೆ ಕೋಲು ಎತ್ತಿ ಕುಣಿಸುತ್ತಿದ್ದಳು.

ಹಲಗೆ ಮರಳಿಗೆ ತಾಗಿ ನಿಂತಿತು. ನಗು ಬರುತ್ತದೆ ಅಂದುಕೊಂಡಿದ್ದೆ. ಬೈಗುಳ ಬಂತು. ಹೀಗಿರುತ್ತದೆ ಅಂತ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು, ಗಟ್ಟಿಯಾಗಿ. ಯಾರಿಗೆ ಬೈದೆನೋ ಗೊತ್ತಿಲ್ಲ. ಮತ್ತೆ ಹತ್ತಿಸಿರಿ ಎಂದೆ. ಹತ್ತಿಸಿದರು. ಸಾಕು ಎಂದು ಸಮೀಕ್ಷಾಳೇ ಹೇಳುವವರೆಗೆ.

ಈಗ ಚಾಪೆ ಮೇಲೆ ಕೂತಿದ್ದೇನೆ. ಗುಡಿಗೆ ಹೋಗಬೇಕು, ಸಂಜೆ ಗಾಡಿ ಹೊರಡುತ್ತದೆ. ತೋಳಿನ ಹೊಲಿಗೆ ಬಿಚ್ಚಿಲ್ಲ. ಗುಡಿಗೆ ಹೀಗೇ ಹೋಗುತ್ತೇನೆ, ಉಪ್ಪು ಮೈಯಲ್ಲಿ. ಲಿಂಗವೂ ನಾನೂ ಒಟ್ಟಿಗೇ ನೆನೆದಿದ್ದೇವೆ, ಶಿವನಿಗೆ ಗೊತ್ತು.

ಮಡಿವಾಳೆಪ್ಪ ಬಂದ. ಬಂದು ಎದುರಿಗೆ ನಿಂತ. ಎಂದಿನ ಹಾಗೆ ಬಗ್ಗಿದ, ಕೈ ಮುಂದೆ ಬಂತು. ಬಂದ ಕೈ ನಡುವೆ ನಿಂತಿತು. ಸಮುದ್ರದ ಕಡೆ ನೋಡಿದ.

"ಯಕ್ಕಾ... ಎತ್ಲೇನ?"

ನಾನು ಇನ್ನೂ ಹೂಂ ಅಂದಿಲ್ಲ. ಬರೆಯುತ್ತಿದ್ದೇನೆ. ನಿಂತಿರಲಿ ಸ್ವಲ್ಪ. ಅವನ ಧೋತರದ ನೀರು ಹಾಳೆ ಮೇಲೆ ಬೀಳುತ್ತಿದೆ, ಅಕ್ಷರ ಹರಡಿ —