ಮಂಚದ ಕೆಳಗಿನ ಗುಮ್ಮನನ್ನು ಬುಧವಾರದವರೆಗೆ ನನ್ನಲ್ಲೇ ಬಿಡಿ

ಮಕ್ಕಳ ಪುಸ್ತಕಗಳಿಂದ ಭಯವನ್ನು ಓಡಿಸಲು ಪಣತೊಟ್ಟಿರುವ ಗ್ರಂಥಾಲಯ ನಿರ್ದೇಶಕರಿಗೆ,

ಮಾನ್ಯರೇ, ನನಗೆ ಹೆದರಿಕೆಯಾಗುತ್ತಿದೆ. 'ಮಕ್ಕಳಲ್ಲಿ ಭಯ ಹುಟ್ಟಿಸುವಂಥವು' ಎಂದು ನೀವು ಪಟ್ಟಿ ಮಾಡಿ ಹಿಂದಕ್ಕೆ ಕೇಳಿರುವ ನಲವತ್ತಮೂರು ಚಿತ್ರಪುಸ್ತಕಗಳಲ್ಲಿ ಹದಿನೇಳನೆಯದು ನನ್ನ ಬಳಿ ಇದೆ. ಸೋಮವಾರದೊಳಗೆ ಒಪ್ಪಿಸಬೇಕೆಂದು ನೋಟಿಸು ಬಂದಿದೆ. ಒಪ್ಪಿಸುವುದಿಲ್ಲ. ನನಗೆ ಐವತ್ತೆರಡು ವರ್ಷ. ಮನೆಯಲ್ಲಿ ಮಕ್ಕಳಿಲ್ಲ. ಪುಸ್ತಕ ಬೇಕಾಗಿರುವುದು ನನಗೇ.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಪ್ರತಿ ಶನಿವಾರ ಮಧ್ಯಾಹ್ನ ನಿಮ್ಮ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಗಿಡ್ಡ ಕುರ್ಚಿಯಲ್ಲಿ ಕೂತು ಓದುತ್ತೇನೆ. ಮೊದಲ ಸಲ ಹೋದಾಗ ಗ್ರಂಥಪಾಲಕಿ ಕೇಳಿದರು, "ಯಾರಿಗೆ ಮೇಡಂ, ಮೊಮ್ಮಗುವಿಗಾ?" "ನನಗೇ" ಅಂದೆ. ಪಾಪ, ಕಾರ್ಡು ಕೊಟ್ಟರು. ಕೊಟ್ಟಮೇಲೂ ಒಂದು ವರ್ಷ ನನ್ನನ್ನು ಓರೆಗಣ್ಣಿನಲ್ಲೇ ನೋಡಿದರು. ದೊಡ್ಡವರ ಪುಸ್ತಕಗಳನ್ನೂ ಓದಿದ್ದೇನೆ, ಸ್ವಾಮಿ. 'ಹೆದರಬೇಡಿ' ಎಂಬ ಒಂದು ಮಾತನ್ನು ಮುನ್ನೂರು ಪುಟ ಎಳೆಯುತ್ತವೆ. ಹೆದರಬೇಡಿ ಅಂದಕೂಡಲೇ ಹೆದರಿಕೆ ಬಿಟ್ಟುಹೋದ ಒಬ್ಬರನ್ನಾದರೂ ನೀವು ಕಂಡಿದ್ದೀರಾ? ನಾನಂತೂ ಆ ಮಾತನ್ನು ದಿನಕ್ಕೆ ನಲವತ್ತು ಜನಕ್ಕೆ ಹೇಳುತ್ತೇನೆ, ಒಬ್ಬರೂ ನಂಬಿಲ್ಲ.

ಹದಿನೇಳನೇ ಪುಸ್ತಕ ಹಾಗೆ ಹೇಳುವುದಿಲ್ಲ. ಒಟ್ಟು ಹನ್ನೆರಡು ದಪ್ಪರಟ್ಟಿನ ಪುಟ, ಎಂಟು ಸಾಲಿನ ಪದ್ಯ.

"ಮಂಚದ ಕೆಳಗೆ ಯಾರಿದ್ದಾರೆ?
ಯಾರೂ ಇಲ್ಲ, ಯಾರೂ ಇಲ್ಲ.
ಸದ್ದು ಮಾಡದೆ ಬಗ್ಗಿ ನೋಡು,
ಉಸಿರು ಬಿಡುವ ಹಾಗೇ ಇಲ್ಲ."

ಪದ್ಯ 'ಯಾರೂ ಇಲ್ಲ' ಅನ್ನುವಾಗ ಚಿತ್ರದಲ್ಲಿ ಮಂಚದಾಚೆಗೆ ಒಂದು ಬಾಲ ಚಾಚಿಕೊಂಡಿದೆ. ಮಾತು ಒಂದು ಹೇಳುತ್ತೆ, ಚಿತ್ರ ಇನ್ನೊಂದು ಹೇಳುತ್ತೆ, ನಿಜ ಯಾವುದು ಅಂತ ಮೂರು ವರ್ಷದ ಮಗುವಿಗೆ ತಕ್ಷಣ ಗೊತ್ತಾಗುತ್ತೆ. ಆಮೇಲೆ ಎರಡು ಪುಟ ಬರೀ ಕಪ್ಪು. ಒಂದಕ್ಷರ ಇಲ್ಲ. ಆ ಕಪ್ಪನ್ನು ಬರೆದವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಈಗ ನಮ್ಮ ಕೋಣೆಗೆ ಬನ್ನಿ. ಎದೆಯ ಎಕ್ಸ್‌ರೇಗೆ ಉಸಿರು ಹಿಡಿದು ಅಲ್ಲಾಡದೆ ನಿಲ್ಲಬೇಕು. ದೊಡ್ಡವರೇ ಅಲ್ಲಾಡುತ್ತಾರೆ, ಮಕ್ಕಳ ಪಾಡೇನು? ಆರು ವರ್ಷದ ಹಿಂದೆ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದ ಪುಟ್ಟ ಹುಡುಗಿಯೊಬ್ಬಳು ಯಂತ್ರ ನೋಡಿ ಕಿಟಾರನೆ ಕಿರುಚಿಕೊಂಡಳು. ಮೂರು ಸಲ ತೆಗೆದೆ, ಮೂರೂ ಮಸುಕು. ಇನ್ನೆಷ್ಟು ಸಲ ಅಂತ ಆ ಎಳೇ ಎದೆಗೆ ಕಿರಣ ಬಿಡಲಿ? ನನ್ನ ಚೀಲದಲ್ಲಿ ಅವತ್ತು ಈ ಪುಸ್ತಕ ಇತ್ತು. ಗಾಜಿನ ಕಿಟಕಿಯ ಈಚೆ ನಿಂತು ಅವಳಿಗೆ ಕಾಣುವಂತೆ ಎತ್ತಿ ಹಿಡಿದು ಮೈಕಿನಲ್ಲಿ ಓದಿದೆ. 'ಉಸಿರು ಬಿಡುವ ಹಾಗೇ ಇಲ್ಲ' ಅಂದಾಗ ಅವಳ ಕೆನ್ನೆ ಉಬ್ಬಿತು, ಕಣ್ಣು ಕಪ್ಪು ಪುಟದ ಮೇಲೆ ನೆಟ್ಟಿತು. ಗುಂಡಿ ಒತ್ತಿದೆ. ಅಷ್ಟು ಸ್ಪಷ್ಟವಾದ ಎಕ್ಸ್‌ರೇ ನಾನು ಅಪರೂಪಕ್ಕೆ ತೆಗೆದಿದ್ದೇನೆ. ಹೋಗುವಾಗ ಅವಳು ಕೇಳಿದ್ದು ಒಂದೇ, "ಆಂಟಿ, ಗುಮ್ಮಂಗೆ ಏನಾಯ್ತು?" ಅಂದಿನಿಂದ ಅದನ್ನು ಮತ್ತೆ ಮತ್ತೆ ಎರವಲು ಪಡೆಯುತ್ತಿದ್ದೇನೆ. ನಮ್ಮ ಕೋಣೆಯಲ್ಲಿ ಅದೂ ಒಂದು ಸಾಮಾನು.

ಗುಮ್ಮನಿಗೆ ಏನಾಯಿತು ಅನ್ನುವುದು ನಿಮ್ಮ ಸಮಿತಿಗೆ ಗೊತ್ತೇ? ಪಟ್ಟಿಯಲ್ಲಿ ಕಾರಣ ಹೀಗೆ ಬರೆದಿದೆ: 'ಪುಟ ಆರು, ಬಾಲ. ಪುಟ ಏಳು, ಎಂಟು, ಕತ್ತಲೆ.' ಅಷ್ಟೇ. ಒಂಬತ್ತನೇ ಪುಟದ ಸುದ್ದಿಯೇ ಇಲ್ಲ. ಸನ್ಮಾನ್ಯ ಸದಸ್ಯರು ಅಲ್ಲಿಗೇ ಹೆದರಿ ಪುಸ್ತಕ ಮುಚ್ಚಿಬಿಟ್ಟರೇ? ಇದರ ಬದಲಿಗೆ ನೀವು ಕಳಿಸಿರುವ ಹೊಸ ಪುಸ್ತಕಗಳನ್ನು ನೋಡಿದೆ. ಅವುಗಳಲ್ಲಿ ಸೂರ್ಯ ನಗುತ್ತಾನೆ, ಕರಡಿ ನಗುತ್ತೆ, ಹಲ್ಲುಜ್ಜುವ ಬ್ರಶ್ಶೂ ನಗುತ್ತೆ. ಇಷ್ಟೊಂದು ಜನ ಕಾರಣವಿಲ್ಲದೆ ನಗುವುದನ್ನು ಕಂಡು ನನಗೆ ನಿಜಕ್ಕೂ ಗಾಬರಿಯಾಯಿತು.

ಇನ್ನು ನನ್ನ ವಿಷಯ. ಹೋದ ತಿಂಗಳು ನಮಗೆ ಹೊಸ ಯಂತ್ರ ಬಂತು. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬೇರೆ ಸಾಧನವಿದೆ. ಅದನ್ನು ಹುಡುಕಲು ಸೋಮಾರಿತನಪಟ್ಟು ನಾನೇ ಹೋಗಿ ಎದೆಯೊಡ್ಡಿ ನಿಂತೆ. ನಮ್ಮ ಕಸುಬಿನವರು ಮಾಡಬಾರದ, ನಮ್ಮ ಕಸುಬಿನವರೇ ಮಾಡುವ ತಪ್ಪು ಇದು. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ಗುಂಡಿ ಒತ್ತಿದಳು. ಪರದೆಯ ಮೇಲೆ ಚಿತ್ರ ಮೂಡಿತು. ಯಂತ್ರ ಚೆನ್ನಾಗಿದೆ, ಮಾನ್ಯರೇ. ಬಲ ಶ್ವಾಸಕೋಶದ ಮೇಲ್ಗಡೆ ಕಡಲೆಕಾಳಿನಷ್ಟು ಬಿಳಿ ಮಚ್ಚೆಯನ್ನು ಬಹಳ ಅಚ್ಚುಕಟ್ಟಾಗಿ ತೋರಿಸಿತು. "ಅಕ್ಕಾ, ಪ್ಲೇಟಿನ ಮೇಲೆ ಧೂಳಿರಬೇಕು" ಅಂದಳು. ಒರೆಸಿ ಇನ್ನೊಮ್ಮೆ ತೆಗೆದೆವು. ಧೂಳಲ್ಲ.

ಅಂಥ ಮಚ್ಚೆಗಳನ್ನು ಸಾವಿರಾರು ನೋಡಿದ್ದೇನೆ. ಕೆಲವು ಏನೂ ಅಲ್ಲ, ಕೆಲವು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಗೊತ್ತಿರುವುದೇ ಕಷ್ಟ. ಮಂಗಳವಾರ ಬೆಳಿಗ್ಗೆ ನಮ್ಮ ಆಸ್ಪತ್ರೆಯಲ್ಲೇ ಸ್ಕ್ಯಾನ್ ಇದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅಚ್ಚಾದರೆ ನನ್ನಕ್ಕನಿಗೂ ಗೊತ್ತಾಗುತ್ತೆ. ಅಕ್ಕಾ, ಬೈಬೇಡ ಕಣೇ, ನಿನ್ನ ಮುಖ ನೋಡಿ ಹೇಳೋ ಧೈರ್ಯ ಬರಲಿಲ್ಲ.

ಸ್ಕ್ಯಾನಿಗೆ ಮಲಗಿದಾಗಲೂ ಉಸಿರು ಹಿಡಿಯಬೇಕು. ಮೊನ್ನೆ ಮನೆಯಲ್ಲಿ ಮಲಗಿ ಅಭ್ಯಾಸ ಮಾಡಿದೆ. ಮೂರು ಎಣಿಸುವಷ್ಟರಲ್ಲಿ ಎದೆ ಡವಡವ ಎಂದು ಉಸಿರು ತಾನಾಗಿ ಹೊರಬಿತ್ತು. ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿಕೊಟ್ಟವಳಿಗೆ ಬಂದ ಗತಿ ನೋಡಿ! ಜೊತೆಯ ಹುಡುಗಿಗೆ ಹೇಳಿದ್ದೇನೆ, "ನೀನು ಮೈಕಿನಲ್ಲಿ ಓದು." "ಪದ್ಯ ನಿಮಗೆ ಬಾಯಿಪಾಠ ಅಲ್ವಾ ಅಕ್ಕ, ಪುಸ್ತಕ ಯಾಕೆ?" ಅಂದಳು. ನೀವೂ ಹಾಗೇ ಕೇಳುವಿರಿ. ಆ ಕಪ್ಪು ಪುಟಗಳಲ್ಲಿ ಬಾಯಿಪಾಠ ಮಾಡಲು ಏನಿದೆ? ಅಲ್ಲಿ ಸುಮ್ಮನಿರಬೇಕು, ಮಗುಚುವಾಗ ದಪ್ಪ ಪುಟ ಟಪ್ ಅಂತ ಬೀಳುವುದು ನನಗೆ ಕೇಳಿಸಬೇಕು. ಆ ಸದ್ದು ಕೇಳಿದರೆ ಒಂಬತ್ತನೇ ಪುಟ ಬಂತೆಂದು ಗೊತ್ತಾಗುತ್ತೆ. ಕತ್ತಲೆಗೂ ಒಂದು ಕೊನೆಯ ಪುಟ ಇದೆ ಅಂತ ನನಗೆ ಬೇರೆ ಯಾರು ಹೇಳುತ್ತಾರೆ?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಪಟ್ಟಿಯನ್ನು ಹರಿದುಹಾಕಿ. ಅದಕ್ಕೆ ಮುನ್ನ ನೀವೇ ಖುದ್ದಾಗಿ ಗಿಡ್ಡ ಕುರ್ಚಿಯಲ್ಲಿ ಕೂತು ಒಂದು ಮಗುವಿಗೆ ಹದಿನೇಳನೆಯದನ್ನು ಕಡೆಯವರೆಗೂ ಓದಿಹೇಳಿ. ಬುಧವಾರ ಪುಸ್ತಕವನ್ನು ನಾನೇ ನಿಮ್ಮ ಮೇಜಿನ ಮೇಲೆ ತಂದಿಡುತ್ತೇನೆ. ಅವತ್ತು ನಾನು ಬರುವ ಸ್ಥಿತಿಯಲ್ಲಿಲ್ಲದಿದ್ದರೆ ಅದು ಎಕ್ಸ್‌ರೇ ಕೋಣೆಯ ಗಾಜಿನ ಪಕ್ಕದಲ್ಲಿರುತ್ತೆ, ಬಂದು ತೆಗೆದುಕೊಳ್ಳಿ. ಹೊರಗೆ ಬೆಂಚಿನ ಮೇಲೆ ಮಕ್ಕಳು ಕಾಯುತ್ತಿರುತ್ತಾರೆ, ಕಾರಣವನ್ನು ಅವರಿಗೂ ನೀವೇ ಹೇಳಬೇಕಾಗುತ್ತೆ. ನಿಮ್ಮ ಸಮಿತಿ ನೋಡದೆ ಬಿಟ್ಟ ಸಾಲುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

"ಗುಮ್ಮ ಕೂಡ ಉಸಿರು ಹಿಡಿದು
ನನ್ನ ನೋಡಿ ಹೆದರಿತ್ತಂತೆ.
ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು,
ಕಿಟಕಿಯಾಚೆ ಬೆಳಗಾಯ್ತಂತೆ."

ಇಂತಿ,
ಊರಿಗೆಲ್ಲ 'ಉಸಿರು ಹಿಡೀರಿ' ಎಂದು ಹೇಳಿ, ಮಂಗಳವಾರದವರೆಗೆ ತಾನೇ ಉಸಿರು ಹಿಡಿದು ಕೂತಿರುವ
ಎಕ್ಸ್‌ರೇ ಕೋಣೆಯವಳು