ಎಂಜಿನ್ ಇಲ್ಲದ ಕಾರು ತೋರಿಸಿದ ಮುಖ್ಯಸ್ಥರಿಗೆ

ಲಂಡನ್ನಿನ ವಿಶ್ವವಿದ್ಯಾಲಯವೊಂದರ ಆಟೊಮೋಟಿವ್ ಎಂಜಿನಿಯರಿಂಗ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ಬಾನೆಟ್ ಮುಚ್ಚಿದ ಕಾರು ತೋರಿಸಿ ನಮ್ಮ ಮಕ್ಕಳ ಬದುಕಿನ ಮೂರು ವರ್ಷ ಕೇಳುತ್ತೀರಿ. ನನಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ವಿನಯದಿಂದ ಬರೆದಾಗ 'ನಿಮ್ಮ ಆಸಕ್ತಿಗೆ ಧನ್ಯವಾದ' ಎಂಬ ಉತ್ತರ ಬಂತು. ಆದ್ದರಿಂದ ಈಗ ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಮಕ್ಕಳನ್ನು ನಿಮ್ಮಲ್ಲಿಗೆ ಕಳಿಸಹೊರಟ ನಮ್ಮವರು ಓದಲಿ.

ನಾನು ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಕುಂದಾಪುರದವಳು. ನನ್ನ ಗಿರಾಕಿಗಳು ಮಡಿಕೆ ಬಿಚ್ಚಿಸಿ ಸೆರಗು ನೋಡದೆ ಸೀರೆ ಕೊಳ್ಳುವುದಿಲ್ಲ. ಈ ವರ್ಷ, 2017ರ ವಿಜಯದಶಮಿಯ ಶನಿವಾರ, ಮಗಳು ಪ್ರೇಕ್ಷಾಳೊಡನೆ, ಸೇರಬಯಸುವವರಿಗೆ ವಿಭಾಗ ತೋರಿಸುವ ನಿಮ್ಮ ಓಪನ್ ಡೇಗೆ ಬಂದೆ. ಬಾಗಿಲಲ್ಲೇ ಒಂದು ಕೆಂಪು ಕಾರು ಫಳಫಳ ಹೊಳೆಯುತ್ತಿತ್ತು. 'ನಮ್ಮ ವಿದ್ಯಾರ್ಥಿಗಳೇ ಕಟ್ಟಿದ್ದು' ಎಂಬ ಫಲಕ ಬೇರೆ. ಹಿಂದಿನ ದಿನದ ಆಯುಧ ಪೂಜೆಯ ಕುಂಕುಮ ಪರ್ಸಿನಲ್ಲಿತ್ತು. ಮಗಳು ಮುಂದೆ ಕೈಯಾಡಿಸಲಿರುವ ಎಂಜಿನ್ ಅಲ್ಲವೇ, ಒಂದು ಬೊಟ್ಟು ಇಡೋಣವೆನ್ನಿಸಿತು.

"ಅಮ್ಮಾ, ಪ್ಲೀಸ್! ಎವ್ರಿವನ್ ಈಸ್ ವಾಚಿಂಗ್!"

"ಒಂದ್ ಬೊಟ್ಟು ಇಟ್ರೆ ಎಂತ ಆತ್ತ್ ಮಗಾ?"

ದಾರಿ ತೋರಿಸಲು ನಿಂತಿದ್ದ ವಿದ್ಯಾರ್ಥಿಗೆ ಬಾನೆಟ್ ಎತ್ತಲು ಹೇಳಿದೆ. 'ಹೆಲ್ತ್ ಆ್ಯಂಡ್ ಸೇಫ್ಟಿ' ಎಂದ. ಕುಂಕುಮದಿಂದ ಯಾರ ಆರೋಗ್ಯ ಕೆಡುತ್ತದೆ? ನಾನು ಬಿಡಲಿಲ್ಲ, ಅವನು ಎತ್ತಿದ. ಒಳಗೆ ಎಂಜಿನ್ನೂ ಇರಲಿಲ್ಲ, ಮೋಟರೂ ಇರಲಿಲ್ಲ. ನಿಮ್ಮ ಬ್ರೋಷರುಗಳ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ನೀವು ಓಡಿಬಂದು, 'ಪ್ರದರ್ಶನಕ್ಕೆಂದು ಎಂಜಿನ್ ತೆಗೆದಿದ್ದೇವೆ' ಎಂದಿರಿ. ಎಲ್ಲಿಟ್ಟಿದ್ದೀರಿ ಎಂದು ಕೇಳಿದರೆ ನಕ್ಕಿರಿ. ಆ ನಗು ನನಗೆ ಹಿಡಿಸಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಿಮ್ಮ ಪದವೀಧರರಲ್ಲಿ ನೂರಕ್ಕೆ ತೊಂಬತ್ತಾರು ಮಂದಿಗೆ ಕೆಲಸ ಸಿಕ್ಕಿದೆಯಂತೆ. ಎಂಥ ಕೆಲಸ? ಯಶಸ್ಸಿನ ಮಾದರಿಯೆಂದು ನೀವು ಪರಿಚಯಿಸಿದ ಸೂಟುಧಾರಿ ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿದ್ದಾನೆ. ಕಾರಿಗೂ ನಿನಗೂ ಏನಪ್ಪಾ ಸಂಬಂಧ ಎಂದರೆ, 'ನಾನು ಟ್ಯೂಬ್ ರೈಲಿನಲ್ಲೇ ಓಡಾಡೋದು' ಎಂದ. ಪಾಪ, ಅಲ್ಲಿ ನಿಜ ಹೇಳಿದವನು ಅವನೊಬ್ಬ. ನಮ್ಮ ಸಂಬಂಧಿಕ ರೋಷನ್ ನಿಮ್ಮದೇ ಪದವಿ ಪಡೆದು, ಫೆಲ್ಥಮಿನಲ್ಲಿ ವಿಮಾನ ಪ್ರಯಾಣಿಕರ ಕಾರುಗಳನ್ನು ಪಾರ್ಕ್ ಮಾಡುತ್ತಾನೆ. 'ವಾಹನ ಕ್ಷೇತ್ರ'ವೆಂದು ಅವನನ್ನೂ ತೊಂಬತ್ತಾರರೊಳಗೆ ಸೇರಿಸಿದ್ದೀರಾ? ಆ ಕೆಲಸ ಕೀಳೆಂದಲ್ಲ. ಅದಕ್ಕೆ ಮೂರು ವರ್ಷದ ಥರ್ಮೊಡೈನಮಿಕ್ಸ್ ಬೇಕಿತ್ತೇ?

ಪ್ರೇಕ್ಷಾಗೆ ಇಲ್ಲಿನ ಬಸ್ ಗ್ಯಾರೇಜೊಂದು ಸಂಬಳ ಕೊಟ್ಟು ಕೆಲಸ ಕಲಿಸಲು ಮುಂದೆ ಬಂದಿದೆ. ಸಂದರ್ಶನದ ದಿನವೇ ಕೈಗೆ ಸ್ಪ್ಯಾನರ್ ಕೊಟ್ಟರಂತೆ. ಉಗುರಿನ ತುಂಬ ಗ್ರೀಸ್ ಮೆತ್ತಿಕೊಂಡು ಕುಣಿಯುತ್ತ ಮನೆಗೆ ಬಂದಳು. ಶುಕ್ರವಾರ ಅವರಿಗೆ ಉತ್ತರ ಹೇಳಬೇಕು. ಹೂಂ ಎಂದರೆ ನಿಮ್ಮಲ್ಲಿಗೆ ಬರುವುದಿಲ್ಲ. ನನಗೆ ಭಯವಾಗುತ್ತಿದೆ. ಡಿಗ್ರಿ ಇಲ್ಲವೆಂದು ನಾಳೆ ಯಾರಾದರೂ ಅವಳನ್ನು ಹಿಂದೆ ತಳ್ಳಿದರೆ? ಡಿಗ್ರಿ ಇದ್ದೂ ರೋಷನ್ನಿನ ಗತಿಯಾದರೆ?

ಕಳೆದ ವರ್ಷ ಪಾಸಾದವರಲ್ಲಿ ಎಷ್ಟು ಮಂದಿ ನಿಜವಾಗಿ ವಾಹನಗಳ ವಿನ್ಯಾಸ, ತಯಾರಿಕೆಯಲ್ಲಿದ್ದಾರೆ, ಅವರಲ್ಲಿ ಹುಡುಗಿಯರೆಷ್ಟು ಎಂಬುದನ್ನು ಗುರುವಾರ ಸಂಜೆಯೊಳಗೆ ಬಹಿರಂಗವಾಗಿ ಹೇಳಿ. ಮಗಳ ಮನಸ್ಸು ಗ್ಯಾರೇಜಿನ ಕಡೆಗಿದೆ, ಅವಳಪ್ಪನದೂ ಅಲ್ಲೇ. ನಮ್ಮ ಮನೆಯಲ್ಲಿ ನಿಮ್ಮ ಪರವಾಗಿ ವಾದಿಸುತ್ತಿದ್ದವಳು ನಾನೊಬ್ಬಳೇ.

ಇಂತಿ,
ವಾದ ಸೋಲುತ್ತಿರುವ
ಗುಣವತಿ
ಈಸ್ಟ್ ಹ್ಯಾಮ್